ಹಳೆಯ ಕಂಪ್ಯೂಟರಿನ ಪ್ರೊಸೆಸರ್ ಅತಿಯಾಗಿ ಬಿಸಿಯಾಗುತ್ತಿದೆಯೇ? ಕಾರಣ ಹುಡುಕುವ ಕ್ರಮ ಹೀಗೆ

ಯುಗಾದಿ ಕಳೆದು ಬಿಸಿಲು ಏರಿತೆಂದರೆ ದಾವಣಗೆರೆಯ ಕಂಪ್ಯೂಟರ್ ರಿಪೇರಿ ಅಂಗಡಿಗಳಿಗೆ ಒಂದೇ ಬಗೆಯ ದೂರು ಬರತೊಡಗುತ್ತದೆ. "ಬೆಳಗ್ಗೆ ಚೆನ್ನಾಗೇ ಇರ್ತತಣ್ಣ, ಮಧ್ಯಾಹ್ನ ಆದ್ರೆ ಸ್ಲೋ ಆಗ್ತತಿ, ಆಮೇಲೆ ತಾನೇ ಬಂದ್ ಆಗ್ತತಿ." ಅಷ್ಟು ಹೊತ್ತಿಗೆ ಆ ಸಿಸ್ಟಂಗೆ ಒಂದು ಸಲ ಫಾರ್ಮ್ಯಾಟ್ ಹೊಡೆಸಿ ಆಗಿರುತ್ತದೆ. ರ‍್ಯಾಮ್ ಕಿತ್ತು ರಬ್ಬರಿನಲ್ಲಿ ಉಜ್ಜಿ ಮತ್ತೆ ಹಾಕಿಯೂ ಆಗಿರುತ್ತದೆ. "ಪ್ರೊಸೆಸರ್‌ಗೆ ವಯಸ್ಸಾಯ್ತು, ಹೊಸ ಸಿಸ್ಟಂ ತಗೊಳ್ರಿ" ಎಂದು ಬುದ್ಧಿ ಹೇಳುವವರೂ ಸಿಕ್ಕಿರುತ್ತಾರೆ.

ಹೊಸದಕ್ಕೆ ದುಡ್ಡು ಹಾಕುವ ಮೊದಲು ಒಂದು ವಿಷಯ ತಿಳಿದಿರಲಿ. ವಯಸ್ಸಾದ ಮಾತ್ರಕ್ಕೆ ಪ್ರೊಸೆಸರ್ ಹೆಚ್ಚು ಕಾಯುವುದು ತೀರಾ ಅಪರೂಪ. 2011ರಲ್ಲಿ ಬಂದ ಇಂಟೆಲ್ ಐ3-2100 ಚಿಪ್‌ಗೆ ಕಂಪನಿ ಹಾಕಿದ ಶಾಖದ ಲೆಕ್ಕ 65 ವ್ಯಾಟ್. ಯಾವುದೋ ಡಿಟಿಪಿ ಅಂಗಡಿಯಲ್ಲಿ ಇವತ್ತಿಗೂ ಓಡುತ್ತಿರುವ ಅದೇ ಚಿಪ್ ಹೆಚ್ಚುಕಡಿಮೆ ಅಷ್ಟೇ ಶಾಖ ಬಿಡುತ್ತದೆ. ಹಳತಾಗಿರುವುದು ಆ ಶಾಖ ಹೊರಗೆ ಹೋಗುವ ದಾರಿ. ಪ್ರೊಸೆಸರ್ ಮೇಲೆ ಹಚ್ಚಿದ ಪೇಸ್ಟ್ ಒಣಗಿರುತ್ತದೆ, ಶಾಖ ಹೀರಲು ಅದರ ಮೇಲೆ ಕೂರಿಸಿದ ಹೀಟ್ ಸಿಂಕ್ ಎಂಬ ಲೋಹದ ಗಟ್ಟಿಯನ್ನು ಹಿಡಿದಿರುವ ಪಿನ್ ಸಡಿಲಾಗಿರುತ್ತದೆ, ಆ ಗಟ್ಟಿಯ ತೆಳು ಪಟ್ಟಿಗಳಾದ ಫಿನ್‌ಗಳ ಸಂದಿಯಲ್ಲಿ ಧೂಳು ಕಟ್ಟಿರುತ್ತದೆ, ಫ್ಯಾನಿನ ಬೇರಿಂಗ್ ಸವೆದಿರುತ್ತದೆ. ಈ ದಾರಿಯನ್ನು ಹಂತಹಂತವಾಗಿ ಪರೀಕ್ಷಿಸುತ್ತ ಹೋಗುವುದೇ ಇಡೀ ಕೆಲಸ. ಒಂದು ಸಲಕ್ಕೆ ಒಂದನ್ನೇ ಸರಿಮಾಡಿ, ಪ್ರತಿ ಸಲವೂ ಅಳೆದು ನೋಡಿ. ಎಲ್ಲವನ್ನೂ ಒಟ್ಟಿಗೆ ಮಾಡಿಬಿಟ್ಟರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ, ಮುಂದಿನ ಬೇಸಿಗೆಗೆ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಬಿಚ್ಚುವ ಮೊದಲು ಅಳೆಯಿರಿ

ಕ್ಯಾಬಿನೆಟ್ ಮೇಲೆ ಕೈಯಿಟ್ಟು "ಬಿಸಿ ಐತಿ" ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಪ್ರೊಸೆಸರ್ ಒಳಗೇ ಸೆನ್ಸರ್ ಇದೆ, ಅದು ಹೇಳುವುದನ್ನು ಓದುವ ಸಾಫ್ಟ್‌ವೇರ್ ಬೇಕು. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೋ ಅಥವಾ ಕೋರ್ ಟೆಂಪ್ ಸಾಕು. ಇನ್‌ಸ್ಟಾಲ್ ಮಾಡುವಾಗ ಜೊತೆಗೆ ಬೇರೇನಾದರೂ ಪ್ರೋಗ್ರಾಂ ಹಾಕಲೇ ಎಂದು ಕೇಳಿದರೆ ಟಿಕ್ ತೆಗೆಯಿರಿ. ಉಬುಂಟು ಬಳಸುವವರು ಎಲ್ಎಂ-ಸೆನ್ಸರ್ಸ್ ಹಾಕಿಕೊಂಡು ಟರ್ಮಿನಲ್‌ನಲ್ಲಿ ನೋಡಬಹುದು.

ಇದರ ಜೊತೆಗೆ ಕೋಣೆಯ ಉಷ್ಣಾಂಶ ತೋರಿಸುವ ಚಿಕ್ಕ ಥರ್ಮಾಮೀಟರ್ ಒಂದನ್ನು ಕ್ಯಾಬಿನೆಟ್‌ಗೆ ಗಾಳಿ ಒಳಹೋಗುವ ಕಡೆ ಇಡಿ. ಹೆಚ್ಚಿನವರು ಬಿಡುವುದು ಇದನ್ನೇ. ಕೋಣೆ 10 ಡಿಗ್ರಿ ಬಿಸಿಯಾದರೆ ಪ್ರೊಸೆಸರ್ ಕೂಡ ಹತ್ತಿರಹತ್ತಿರ 10 ಡಿಗ್ರಿ ಏರುತ್ತದೆ. ಡಿಸೆಂಬರ್ ಬೆಳಗ್ಗೆ 24 ಡಿಗ್ರಿ ಇದ್ದ ಅಂಗಡಿ, ಮೇಲೆ ತಗಡಿನ ಶೀಟ್ ಇದ್ದರೆ ಏಪ್ರಿಲ್ ಮಧ್ಯಾಹ್ನ 39ಕ್ಕೆ ಹೋಗಬಹುದು. ಚಳಿಗಾಲದಲ್ಲಿ 72 ತೋರಿಸಿದ ಪ್ರೊಸೆಸರ್ ಈಗ 87 ತೋರಿಸಿದರೆ ಯಂತ್ರದಲ್ಲಿ ದೋಷವೇ ಇಲ್ಲದಿರಬಹುದು. ಹಾಗಾಗಿ ಪ್ರೊಸೆಸರ್ ಉಷ್ಣಾಂಶದಿಂದ ಕೋಣೆಯ ಉಷ್ಣಾಂಶ ಕಳೆದು, ಆ ವ್ಯತ್ಯಾಸವನ್ನು ಬರೆದಿಡಿ. ಋತು ಬದಲಾದರೂ ಹೋಲಿಸಿ ನೋಡಲು ಬರುವುದು ಅದೊಂದೇ.

ಸಿಸ್ಟಂ ಆನ್ ಮಾಡಿ ಏನೂ ತೆರೆಯದೆ ಹತ್ತು ನಿಮಿಷ ಬಿಟ್ಟು ಒಂದು ಸಲ ಬರೆದುಕೊಳ್ಳಿ. ಆಮೇಲೆ ಹದಿನೈದು ನಿಮಿಷ ಪೂರ್ತಿ ಕೆಲಸ ಕೊಡಿ. ಸಿಪಿಯು-ಝಡ್ ಎಂಬ ಉಚಿತ ಪ್ರೋಗ್ರಾಂನಲ್ಲಿ ಇದಕ್ಕೆಂದೇ ಸ್ಟ್ರೆಸ್ ಬಟನ್ ಇದೆ. ನನ್ನ ಅಂದಾಜಿನಲ್ಲಿ, ಕಂಪನಿಯ ಜೊತೆಗೆ ಬಂದ ಸಾಧಾರಣ ಫ್ಯಾನ್ ಇರುವ ಡೆಸ್ಕ್‌ಟಾಪ್ ಸುಮ್ಮನಿದ್ದಾಗ ಕೋಣೆಗಿಂತ 10ರಿಂದ 15 ಡಿಗ್ರಿ, ಪೂರ್ತಿ ದುಡಿಯುವಾಗ 35ರಿಂದ 45 ಡಿಗ್ರಿ ಹೆಚ್ಚಿದ್ದರೆ ಚಿಂತೆಯಿಲ್ಲ. ವ್ಯತ್ಯಾಸ 55 ದಾಟಿದರೆ ಮುಂದಿನ ಹಂತಗಳಿಗೆ ಹೋಗಿ.

ಮೇಲಿನ ಮಿತಿ ಮಾದರಿಯಿಂದ ಮಾದರಿಗೆ ಬೇರೆ. ಇಂಟೆಲ್‌ನ ಬಹಳಷ್ಟು ಡೆಸ್ಕ್‌ಟಾಪ್ ಚಿಪ್‌ಗಳಿಗೆ 100 ಡಿಗ್ರಿ ಆಸುಪಾಸು, ಎಎಂಡಿ ಕಂಪನಿಯ ರೈಝನ್‌ಗಳಿಗೆ ಹೆಚ್ಚಾಗಿ 95, ರೈಝನ್ 7 5800ಎಕ್ಸ್‌ಗೆ 90. ಆ ಮಿತಿ ಮುಟ್ಟಿದ ಕೂಡಲೇ ಚಿಪ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. "ಮಧ್ಯಾಹ್ನ ಸ್ಲೋ" ಎನ್ನುವುದು ಇದೇ. ಇನ್ನೂ ಏರಿದರೆ ತನ್ನನ್ನು ಉಳಿಸಿಕೊಳ್ಳಲು ಪೂರ್ತಿ ಬಂದ್ ಆಗುತ್ತದೆ. ರೈಝನ್ 7000 ಸರಣಿಯ ದೊಡ್ಡ ಚಿಪ್‌ಗಳು ಭಾರಿ ಕೆಲಸದಲ್ಲಿ 95ರವರೆಗೆ ಹೋಗುವಂತೆಯೇ ರೂಪಿಸಲಾಗಿದೆ. ಅವುಗಳಲ್ಲಿ ಆ ಅಂಕಿ ಕಂಡು ಗಾಬರಿಯಾಗಬೇಡಿ.

ಎಷ್ಟು ಬೇಗ ಏರುತ್ತದೆ ನೋಡಿ

ಉಷ್ಣಾಂಶ ಎಷ್ಟಕ್ಕೆ ಏರಿತು ಎನ್ನುವುದಕ್ಕಿಂತ ಎಷ್ಟು ಬೇಗ ಏರಿತು ಎನ್ನುವುದು ಕಾರಣವನ್ನು ಸ್ಪಷ್ಟವಾಗಿ ಹೇಳುತ್ತದೆ. ಸ್ಟ್ರೆಸ್ ಬಟನ್ ಒತ್ತಿದ ಕೆಲವೇ ಸೆಕೆಂಡಿನಲ್ಲಿ 50ರಿಂದ 95ಕ್ಕೆ ಜಿಗಿದು, ನಿಲ್ಲಿಸಿದೊಡನೆ ಅಷ್ಟೇ ಬೇಗ ಕೆಳಗೆ ಬಿದ್ದರೆ, ಪ್ರೊಸೆಸರ್‌ಗೂ ಹೀಟ್ ಸಿಂಕ್‌ಗೂ ಸರಿಯಾಗಿ ತಾಗುತ್ತಿಲ್ಲ ಎಂದು ತಿಳಿಯಿರಿ. ಚಿಪ್‌ನ ಶಾಖ ಲೋಹಕ್ಕೆ ಹತ್ತುತ್ತಲೇ ಇಲ್ಲ. ಅನುಮಾನ ಪೇಸ್ಟ್ ಮೇಲೆ, ಇಲ್ಲವೇ ಪಿನ್ ಮೇಲೆ. ಆ ಹೊತ್ತಿಗೆ ಹೀಟ್ ಸಿಂಕ್ ಬುಡವನ್ನು ಹುಷಾರಾಗಿ ಬೆರಳಿನಿಂದ ಮುಟ್ಟಿದರೆ ಅದು ಉಗುರುಬೆಚ್ಚಗೆ ಮಾತ್ರ ಇರುತ್ತದೆ.

ಹತ್ತು ಹದಿನೈದು ನಿಮಿಷದಲ್ಲಿ ನಿಧಾನವಾಗಿ ಏರುತ್ತ ಹೋಗಿ, ನಿಲ್ಲಿಸಿದ ಮೇಲೂ ನಿಧಾನವಾಗಿ ಇಳಿದರೆ ಶಾಖ ಲೋಹಕ್ಕೆ ಬಂದಿದೆ, ಅಲ್ಲಿಂದ ಗಾಳಿಗೆ ಹೋಗುತ್ತಿಲ್ಲ ಎಂದರ್ಥ. ಧೂಳು, ಫ್ಯಾನ್, ಕ್ಯಾಬಿನೆಟ್ ಒಳಗಿನ ಗಾಳಿಯಾಟ, ಇವನ್ನು ನೋಡಬೇಕು.

ಏನೂ ಕೆಲಸ ಕೊಡದಿದ್ದಾಗಲೂ ಬಿಸಿ ಇದ್ದರೆ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು (ಅಂದರೆ ಪ್ರೊಸೆಸರ್) ಬಳಕೆ 5 ಶೇಕಡಾದ ಬದಲು 60, 70 ಎಂದಿದ್ದರೆ ಸ್ಕ್ರೂಡ್ರೈವರ್ ಬೇಕಿಲ್ಲ. ಅಪ್‌ಡೇಟ್ ಓಡುತ್ತಿರಬಹುದು, ಎರಡೆರಡು ಆಂಟಿವೈರಸ್ ಕಾದಾಡುತ್ತಿರಬಹುದು, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಜೊತೆ ಕದ್ದು ಬಂದು, ನಿಮ್ಮ ಸಿಸ್ಟಂ ದುಡಿಸಿ ಬೇರೆಯವರಿಗೆ ಡಿಜಿಟಲ್ ನಾಣ್ಯ ಗಳಿಸಿಕೊಡುವ ಕ್ರಿಪ್ಟೊ ಮೈನರ್ ಇರಬಹುದು. ಮೊದಲು ಅದನ್ನು ತೆಗೆಯಿರಿ.

ಇನ್ನೊಂದು ಸಾಧ್ಯತೆಯೂ ಇದೆ. ಬಂದ್ ಆಗುವ ಕ್ಷಣದಲ್ಲಿ ಉಷ್ಣಾಂಶ 60, 65ರಲ್ಲೇ ಇದ್ದರೆ ಬಿಸಿಯನ್ನು ದೂರಬೇಡಿ. ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿ ಸೋತಿರಬಹುದು, ಮದರ್‌ಬೋರ್ಡಿನ ಕೆಪಾಸಿಟರ್ ತಲೆ ಉಬ್ಬಿರಬಹುದು, ಯುಪಿಎಸ್ ಬ್ಯಾಟರಿ ಕೈಕೊಟ್ಟಿರಬಹುದು. ವಿಂಡೋಸ್‌ನ ಈವೆಂಟ್ ವ್ಯೂವರ್ ತೋರಿಸುವ "ಕರ್ನಲ್-ಪವರ್ 41" ಎಂಬ ದಾಖಲೆ ಸಿಸ್ಟಂ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಹೇಳುತ್ತದೆ. ಅದನ್ನು ನಂಬಿ ಪ್ರೊಸೆಸರ್ ಬದಲಿಸಿದವರಿದ್ದಾರೆ.

ಧೂಳು ತೆಗೆಯುವುದು

ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಕಳೆದುಕೊಳ್ಳಿ. ನಮ್ಮ ಬೇಸಿಗೆಯ ಒಣ ಹವೆಯಲ್ಲಿ ಇದನ್ನು ಬಿಡಬಾರದು.

ಎಲ್ಲ ಧೂಳಿಗೂ ಒಂದೇ ಮದ್ದಿಲ್ಲ. ಎಪಿಎಂಸಿ ಅಡತಿ ಅಂಗಡಿಯ ಮೆಕ್ಕೆಜೋಳದ ಧೂಳು, ಚಿತ್ರದುರ್ಗದಲ್ಲಿ ಆಷಾಢದ ಗಾಳಿ ಹೊತ್ತು ತರುವ ಕೆಂಪು ಮಣ್ಣು ಒಣ ಪುಡಿ. ಮೆತ್ತನೆಯ ಬ್ರಷ್ ಮತ್ತು ಬ್ಲೋವರ್‌ನಲ್ಲಿ ಹೋಗುತ್ತವೆ. ಹತ್ತಿ ಜಿನ್ನಿಂಗ್ ಮಾಡುವ ಕಡೆ ಅರಳೆಯ ಎಳೆಗಳು ಫಿನ್‌ಗಳಿಗೆ ಸುತ್ತಿಕೊಂಡಿರುತ್ತವೆ. ಬ್ಲೋವರ್ ಹಿಡಿದರೆ ಇನ್ನೂ ಒಳಕ್ಕೆ ತುರುಕಿಕೊಳ್ಳುವುದರಿಂದ ಚಿಮಟದಲ್ಲಿ ಎಳೆದು ತೆಗೆಯಬೇಕು. ಬೆಣ್ಣೆ ದೋಸೆ ಹೋಟೆಲಿನ ಬಿಲ್ಲಿಂಗ್ ಕಂಪ್ಯೂಟರ್ ಕಷ್ಟದ್ದು. ಕಾವಲಿಯಿಂದ ಏಳುವ ಜಿಡ್ಡಿನ ಹೊಗೆ ಫಿನ್ ಮೇಲೆ ಕೂತು, ಅದರ ಮೇಲೆ ಧೂಳು ಅಂಟಿ ಗಟ್ಟಿಯಾಗಿರುತ್ತದೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳದ್ದೂ ಇದೇ ಪಾಡು. ಅಲ್ಲಿ ಬ್ಲೋವರ್ ಏನೂ ಮಾಡಲಾರದು. ಹೀಟ್ ಸಿಂಕ್ ಬಿಚ್ಚಿ, ಫ್ಯಾನ್ ಬೇರೆ ಮಾಡಿ, ಬರೀ ಲೋಹದ ಭಾಗವನ್ನು ಪಾತ್ರೆ ತೊಳೆಯುವ ಸೋಪಿನ ಬಿಸಿನೀರಿನಲ್ಲಿ ನೆನೆಸಿ, ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಪೂರ್ತಿ ಒಣಗಿಸಬೇಕು. ಮಂಡಕ್ಕಿ ಭಟ್ಟಿಗಳ ಸುತ್ತಮುತ್ತಲ ಮನೆಗಳಲ್ಲಿ ಕಪ್ಪು ಮಸಿ ಸಿಗುತ್ತದೆ. ಅದು ಬ್ರಷ್‌ಗೆ ಹತ್ತಿ ಬೋರ್ಡಿಗೆಲ್ಲ ಬಳಿದುಕೊಳ್ಳುವುದರಿಂದ ಬ್ರಷ್ಷನ್ನು ಆಗಾಗ ಬಟ್ಟೆಗೆ ಒರೆಸುತ್ತಿರಿ.

ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಅಥವಾ ಪೆನ್ಸಿಲಿನಿಂದ ತಡೆದು ಹಿಡಿಯಿರಿ. ಗಾಳಿಯ ರಭಸಕ್ಕೆ ಅಳತೆ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ತಿರುಗುವ ಮೋಟರ್ ಬೋರ್ಡಿನ ಕಡೆಗೆ ಕರೆಂಟ್ ಕೂಡ ಕಳಿಸಬಹುದು. ಕ್ಯಾಬಿನೆಟ್ ಹೊತ್ತುಕೊಂಡು ಪಂಕ್ಚರ್ ಅಂಗಡಿಗೆ ಹೋಗಿ ಕಂಪ್ರೆಸರ್ ಗಾಳಿ ಹೊಡೆಸುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬೇಡ. ಆ ಟ್ಯಾಂಕಿನೊಳಗೆ ನೀರು ನಿಂತಿರುತ್ತದೆ, ಎಣ್ಣೆಯ ಅಂಶವೂ ಇರುತ್ತದೆ, ಒತ್ತಡವಂತೂ ಸಣ್ಣ ಭಾಗಗಳನ್ನು ಕಿತ್ತೊಗೆಯುವಷ್ಟು.

ಮೇಲಿಂದ ನೋಡಿದರೆ ಸ್ವಚ್ಛವಾಗಿ ಕಾಣುವ ಹೀಟ್ ಸಿಂಕ್‌ಗಳಲ್ಲೇ ಹೆಚ್ಚು ಮೋಸ. ಫ್ಯಾನ್ ಎತ್ತಿ ನೋಡಿ. ಫ್ಯಾನಿನ ಅಡಿ, ಫಿನ್‌ಗಳ ನೆತ್ತಿಯ ಮೇಲೆ, ಬೂದು ಬಣ್ಣದ ಧೂಳು ಕಂಬಳಿಯ ತುಂಡಿನಂತೆ ಒಂದೇ ಪದರವಾಗಿ ಹಾಸಿಕೊಂಡಿರುತ್ತದೆ. ಒಂದು ಮೂಲೆ ಹಿಡಿದು ಎಳೆದರೆ ಇಡಿಯಾಗಿ ಎದ್ದು ಬರುತ್ತದೆ. ಒಳಗಿನ ಲೋಹ ಹೊಸದರಂತೆ ಹೊಳೆಯುತ್ತಿರುತ್ತದೆ, ಏಕೆಂದರೆ ಅಲ್ಲಿಗೆ ಗಾಳಿಯೇ ಹೋಗಿರುವುದಿಲ್ಲ. ಇದೊಂದನ್ನು ತೆಗೆದರೇ ಎಷ್ಟೋ ಸಿಸ್ಟಂಗಳು ಸರಿಹೋಗುತ್ತವೆ.

ಆಯುಧಪೂಜೆಗೆ ಹೇಗೂ ಯಂತ್ರಗಳನ್ನೆಲ್ಲ ತೊಳೆದು ಒರೆಸುತ್ತೇವೆ. ಅದರ ಹಿಂದಿನ ದಿನ ಕ್ಯಾಬಿನೆಟ್ಟಿನ ಒಳಗನ್ನೂ ಸ್ವಚ್ಛ ಮಾಡುವ ರೂಢಿ ಇಟ್ಟುಕೊಳ್ಳಿ, ಶಿವರಾತ್ರಿಯ ಹೊತ್ತಿಗೆ ಇನ್ನೊಂದು ಸಲ. ವಿಭೂತಿ ಕುಂಕುಮವನ್ನು ಪಕ್ಕದ ತಗಡಿಗೆ ಹಚ್ಚಿ. ಮುಂದಿನ ಜಾಲರಿಗೆ ಹಚ್ಚಿದರೆ ಪುಡಿಯೆಲ್ಲ ಗಾಳಿಯ ಜೊತೆ ಒಳಗೆ ಹೋಗುತ್ತದೆ.

ಫ್ಯಾನ್ ತಿರುಗಿದರೆ ಸಾಲದು

ತಿರುಗುತ್ತಿದೆ ಎಂದು ಕಣ್ಣಿಗೆ ಕಂಡರೆ ಸಾಲದು, ನಿಮಿಷಕ್ಕೆ ಎಷ್ಟು ಸುತ್ತು ಎಂದು ಸಾಫ್ಟ್‌ವೇರ್‌ನಲ್ಲಿ ನೋಡಿ. ಬಿಸಿ ಏರಿದಂತೆ ಸುತ್ತೂ ಏರಬೇಕು. ಒಂದೇ ಅಂಕಿಯಲ್ಲಿ ನಿಂತಿದ್ದರೆ ವೈರ್ ಮದರ್‌ಬೋರ್ಡಿನ ಸಿಪಿಯು ಫ್ಯಾನ್ ಕನೆಕ್ಟರ್‌ಗೆ ಬದಲು ಬೇರೆಡೆ ಹಾಕಿರಬಹುದು, ಇಲ್ಲವೇ ಬಯಾಸ್‌ನಲ್ಲಿ (ಸಿಸ್ಟಂ ಆನ್ ಆದೊಡನೆ ಮೊದಲು ಓಡುವ ಬೋರ್ಡಿನ ಮೂಲ ಪ್ರೋಗ್ರಾಂ) ಯಾರೋ ಸೈಲೆಂಟ್ ಮೋಡ್‌ಗೆ ಹಾಕಿರಬಹುದು. ಕರೆಂಟ್ ಆರಿಸಿ ರೆಕ್ಕೆಯನ್ನು ಬೆರಳಲ್ಲಿ ಮೀಟಿದಾಗ ಸಲೀಸಾಗಿ ತಿರುಗಿ ನಿಧಾನ ನಿಲ್ಲಬೇಕು. ತಟ್ಟನೆ ನಿಂತರೆ, ಗರಗರ ಸದ್ದು ಬಂದರೆ ಬೇರಿಂಗ್ ಒಣಗಿದೆ. ಸ್ಟಿಕ್ಕರ್ ಕೆಳಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟರೆ ಕೆಲವು ತಿಂಗಳು ದೂಡಬಹುದು. ಕೊಬ್ಬರಿ ಎಣ್ಣೆ ಬೇಡ, ಅಂಟಾಗಿ ಇನ್ನೂ ಬೇಗ ಹಿಡಿದುಕೊಳ್ಳುತ್ತದೆ. ಹೊಸ ಫ್ಯಾನ್ ಹಾಕಿಸುವುದೇ ನನ್ನ ಸಲಹೆ.

ಪೇಸ್ಟ್ ಬದಲಿಸುವುದು

ಸೆಕೆಂಡಿನಲ್ಲಿ ಜಿಗಿಯುವ ಉಷ್ಣಾಂಶಕ್ಕೆ ಮದ್ದು ಇಲ್ಲಿದೆ. ಪ್ರೊಸೆಸರ್ ಮುಚ್ಚಳವೂ ಹೀಟ್ ಸಿಂಕ್ ತಳವೂ ಕಣ್ಣಿಗೆ ಸಪಾಟಾಗಿ ಕಂಡರೂ ನಡುವೆ ಸೂಕ್ಷ್ಮ ಸಂದುಗಳಿರುತ್ತವೆ. ಅವುಗಳಲ್ಲಿ ಗಾಳಿ ನಿಲ್ಲದಂತೆ ತುಂಬುವುದು ಪೇಸ್ಟ್. ಪ್ರತಿ ದಿನ ಕಾಯ್ದು ತಣಿದು, ಲೋಹ ಹಿಗ್ಗಿ ಕುಗ್ಗಿ, ಅದು ಅಂಚಿಗೆ ತಳ್ಳಲ್ಪಡುತ್ತದೆ. ಎಣ್ಣೆಯಂಶ ಬಿಟ್ಟು ಉಳಿದದ್ದು ಪುಡಿಯಾಗುತ್ತದೆ. ಹಳೆಯ ಸಿಸ್ಟಂ ಬಿಚ್ಚಿದಾಗ ನಡುವೆ ಬೋಳಾಗಿ, ಸುತ್ತ ಸೀಮೆಸುಣ್ಣದ ಹಾಗೆ ಉದುರುವ ಬಿಳಿ ಉಂಗುರ ಕಾಣುವುದು ಅದಕ್ಕೇ.

ಬಿಚ್ಚುವ ರೀತಿ ಇಂಟೆಲ್‌ಗೂ ಎಎಂಡಿಗೂ ಬೇರೆ. ಇಂಟೆಲ್‌ನ ಕಂಪನಿ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ. ತಲೆಯ ಮೇಲಿನ ಬಾಣ ತೋರಿಸುವ ಕಡೆಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆಳೆದರೆ ಬಿಡುತ್ತವೆ. ಎಎಂಡಿಯ ಎಎಂ4 ಎಂಬ ಸಾಕೆಟ್ (ಪ್ರೊಸೆಸರ್ ಕೂರುವ ಗೂಡು) ಇರುವ ಮತ್ತು ಅದಕ್ಕಿಂತ ಹಳೆಯ ಬೋರ್ಡುಗಳಲ್ಲಿ ತುಂಬ ಎಚ್ಚರ ಬೇಕು. ಅಲ್ಲಿ ಪಿನ್‌ಗಳಿರುವುದು ಪ್ರೊಸೆಸರ್ ಹೊಟ್ಟೆಯಲ್ಲಿ. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದಿದ್ದು ನೇರ ಮೇಲಕ್ಕೆಳೆದರೆ, ಸಾಕೆಟ್ ಲಾಕ್ ಆಗಿದ್ದಾಗಲೇ ಪ್ರೊಸೆಸರ್ ಹೀಟ್ ಸಿಂಕ್ ಜೊತೆ ಕಿತ್ತು ಬರುತ್ತದೆ, ಪಿನ್‌ಗಳು ಬಾಗುತ್ತವೆ. ಬಿಚ್ಚುವ ಮೊದಲು ಸಿಸ್ಟಂ ಹತ್ತು ನಿಮಿಷ ಓಡಿಸಿ ಪೇಸ್ಟ್ ಬೆಚ್ಚಗಾಗಲಿ. ಆಮೇಲೆ ಆರಿಸಿ, ಕ್ಲಿಪ್ ಬಿಡಿಸಿ, ಹೀಟ್ ಸಿಂಕನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚುತ್ತ ಸಡಿಲಿಸಿ. ಅವಸರ ಮಾಡಬೇಡಿ.

ಹಳೆಯ ಪೇಸ್ಟ್ ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು, ಮೊಬೈಲ್ ರಿಪೇರಿಯವರು ಐಪಿಎ ಎಂದು ಕರೆಯುತ್ತಾರೆ, ಅವರಲ್ಲಿ ಸಿಗುತ್ತದೆ. ಎಳೆ ಬಿಡದ ಬಟ್ಟೆಗೆ ಹಚ್ಚಿ, ಎರಡೂ ಕಡೆ ಲೋಹ ಹೊಳೆಯುವವರೆಗೆ ಒರೆಸಿ. ಸ್ಯಾನಿಟೈಸರ್, ಥಿನ್ನರ್, ಪೆಟ್ರೋಲ್ ಯಾವುದೂ ಬೇಡ. ಚಾಕುವಿನಿಂದ ಕೆರೆಯುವುದಂತೂ ಕೂಡದು. ಹೊಸ ಪೇಸ್ಟ್ ಒಂದು ಬಟಾಣಿ ಕಾಳಿನಷ್ಟು ಪ್ರೊಸೆಸರ್ ನಡುವೆ ಇಟ್ಟು, ಹೀಟ್ ಸಿಂಕ್ ನೇರವಾಗಿ ಇಳಿಸಿದರೆ ಒತ್ತಡಕ್ಕೆ ತಾನೇ ಹರಡುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬುದು ತಪ್ಪು ಕಲ್ಪನೆ. ತಣ್ಣಗಿಡುವುದು ಲೋಹಕ್ಕೆ ಲೋಹ ತಾಗುವುದರಿಂದ, ಪೇಸ್ಟ್ ಸಂದು ತುಂಬಲು ಮಾತ್ರ.

ಇಂಟೆಲ್ ಪಿನ್‌ಗಳನ್ನು ಬಾಣಕ್ಕೆ ಎದುರು ದಿಕ್ಕಿಗೆ ತಿರುಗಿಸಿಟ್ಟು, ಮೂಲೆಗೆ ಎದುರುಮೂಲೆ ಎಂಬಂತೆ ಎರಡೆರಡಾಗಿ ಒತ್ತಿ. ಟಕ್ ಎನ್ನುವ ಸದ್ದು ನಾಲ್ಕಕ್ಕೂ ಬರಬೇಕು. ಆದರೂ ಸದ್ದನ್ನೇ ನಂಬಬೇಡಿ. ಬೋರ್ಡಿನ ಹಿಂಬದಿ ನೋಡಿದರೆ ನಾಲ್ಕು ಪಿನ್‌ಗಳ ತುದಿಯೂ ರಂಧ್ರದಿಂದ ಪೂರ್ತಿ ಹೊರಬಂದು ಅಗಲಿಸಿಕೊಂಡಿರಬೇಕು. ವರ್ಷಗಟ್ಟಲೆ ಕಾವು ತಿಂದ ಪ್ಲಾಸ್ಟಿಕ್ ಸೀಳಿರುತ್ತದೆ, ಒಂದು ಪಿನ್ ಹಿಡಿಯದಿದ್ದರೂ ಹೀಟ್ ಸಿಂಕ್ ಒಂದು ಕಡೆ ಎದ್ದು ನಿಲ್ಲುತ್ತದೆ. ಎಷ್ಟು ದುಬಾರಿ ಪೇಸ್ಟ್ ಹಚ್ಚಿದರೂ ಆಗ ಪ್ರಯೋಜನವಿಲ್ಲ. ಪಿನ್‌ಗಳು ಬಿಡಿಯಾಗಿ ಸಿಗುತ್ತವೆ, ಸಿಗದಿದ್ದರೆ ಇಡೀ ಕೂಲರ್ ಬದಲಿಸಿ. ಮತ್ತೆ ಅದೇ ಹದಿನೈದು ನಿಮಿಷದ ಪರೀಕ್ಷೆ ಮಾಡಿ, ಮೊದಲು ಬರೆದಿಟ್ಟ ವ್ಯತ್ಯಾಸದೊಡನೆ ಹೋಲಿಸಿ.

ಜಾಗ ಮತ್ತು ಸೆಟ್ಟಿಂಗ್

ಟೇಬಲ್ಲಿನ ಮುಚ್ಚಿದ ಗೂಡಿನಲ್ಲಿ ಕ್ಯಾಬಿನೆಟ್ ಇಟ್ಟಿದ್ದರೆ ಹಿಂಬದಿಯ ಹಲಗೆ ತೆಗೆಸಿ, ಗೋಡೆಯಿಂದ ಒಂದು ಗೇಣಾದರೂ ದೂರ ಇರಲಿ, ನೆಲದಿಂದ ಎತ್ತರದಲ್ಲಿರಲಿ. ಪಕ್ಕದ ತಗಡು ತೆಗೆದು ಪರೀಕ್ಷಿಸಿದಾಗ 8, 10 ಡಿಗ್ರಿ ಇಳಿದರೆ ಕ್ಯಾಬಿನೆಟ್‌ಗೆ ಹಿಂಬದಿ ಫ್ಯಾನ್ ಬೇಕು ಎಂದರ್ಥ. ತಗಡು ತೆಗೆದೇ ಬಿಡುವುದು ಪರಿಹಾರವಲ್ಲ, ಧೂಳು ನುಗ್ಗುತ್ತದೆ, ಹಲ್ಲಿಯೂ ಸೇರುತ್ತದೆ.

ಎಲ್ಲ ಮಾಡಿದ ಮೇಲೂ ಏಪ್ರಿಲ್ ಮಧ್ಯಾಹ್ನ ತಡೆಯದಿದ್ದರೆ ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು 100ರಿಂದ 99 ಶೇಕಡಾಕ್ಕೆ ಇಳಿಸಿ. ಟರ್ಬೊ, ಅಂದರೆ ಬೇಕಾದಾಗ ತಾನೇ ವೇಗ ಏರಿಸಿಕೊಳ್ಳುವ ಏರ್ಪಾಡು, ಇರುವ ಬಹಳಷ್ಟು ಚಿಪ್‌ಗಳಲ್ಲಿ ಇದು ಟರ್ಬೊವನ್ನು ನಿಲ್ಲಿಸುತ್ತದೆ. ಬಿಲ್ಲಿಂಗ್, ನುಡಿ ಟೈಪಿಂಗ್, ಟ್ಯಾಲಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಶಾಖ ಮಾತ್ರ ಇಳಿಯುತ್ತದೆ.

ಲ್ಯಾಪ್‌ಟಾಪ್ ಆದರೆ

ಲ್ಯಾಪ್‌ಟಾಪ್‌ನಲ್ಲಿ ಧೂಳಿನ ಪದರ ಕೂರುವುದು ಫ್ಯಾನ್‌ಗೂ ತಾಮ್ರದ ಫಿನ್‌ಗೂ ನಡುವಿನ ಸಂದಿಯಲ್ಲಿ. ಹೊರಗಿನಿಂದ ಊದಿದರೆ ಅದು ಅಲ್ಲಲ್ಲೇ ಸರಿಯುತ್ತದೆ, ಹೊರಬರುವುದಿಲ್ಲ. ಹಿಂಬದಿ ಬಿಚ್ಚಿ ಫ್ಯಾನ್ ತೆಗೆಯಲೇಬೇಕು. ಬಿಚ್ಚಿದ ಕೂಡಲೇ ಮೊದಲು ಬ್ಯಾಟರಿ ಕನೆಕ್ಟರ್ ಕೀಳಿ. ಬ್ಯಾಟರಿ ಉಬ್ಬಿದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ, ತಿಳಿದವರ ಕೈಗೆ ಕೊಡಿ. ಹಾಸಿಗೆ, ದಿಂಬಿನ ಮೇಲಿಟ್ಟು ಕೆಲಸ ಮಾಡುವ ಅಭ್ಯಾಸವಿದ್ದರೆ ಎಷ್ಟು ಸರ್ವಿಸ್ ಮಾಡಿಸಿದರೂ ಅಷ್ಟಕ್ಕಷ್ಟೇ.

ಚಿಪ್ಪೇ ಸೋತಿದ್ದರೆ

ಅಪರೂಪ ಎಂದೆ, ಆಗುವುದೇ ಇಲ್ಲ ಎನ್ನಲಿಲ್ಲ. ಹೆಚ್ಚಿನ ವೋಲ್ಟೇಜಿನಲ್ಲಿ, ಹೆಚ್ಚಿನ ಕಾವಿನಲ್ಲಿ ವರ್ಷಗಟ್ಟಲೆ ದುಡಿದ ಚಿಪ್‌ನ ಒಳಗಿನ ಸೂಕ್ಷ್ಮ ಲೋಹದ ತಂತಿಗಳು ಸವೆಯುತ್ತವೆ, ಟ್ರಾನ್ಸಿಸ್ಟರ್‌ಗಳು ಮಂದವಾಗುತ್ತವೆ. ಆದರೆ ಅದರ ಲಕ್ಷಣ ಬಿಸಿಗಿಂತ ಹೆಚ್ಚಾಗಿ ಅಸ್ಥಿರತೆ. ಉಷ್ಣಾಂಶ ಸರಿಯಿದ್ದರೂ ಪ್ರೋಗ್ರಾಂಗಳು ಮುಚ್ಚಿಕೊಳ್ಳುತ್ತವೆ, ನೀಲಿ ಪರದೆ ಬರುತ್ತದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಇದು ಹೊಸತಾಗಿದ್ದಾಗಲೇ ಕಾಣಿಸಿಕೊಂಡಿತು. ಚಿಪ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆಯುತ್ತಿದ್ದುದು ಕಾರಣವೆಂದು 2024ರಲ್ಲಿ ಕಂಪನಿ ಒಪ್ಪಿಕೊಂಡು, ಆಗಸ್ಟ್‌ನಿಂದ ಬಯಾಸ್ ಮೂಲಕ ತಿದ್ದುಪಡಿ ಕೊಟ್ಟಿತು, ತೊಂದರೆಯ ಪಟ್ಟಿಯಲ್ಲಿರುವ ಚಿಪ್‌ಗಳಿಗೆ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಈಗಾಗಲೇ ಪೆಟ್ಟು ತಿಂದ ಚಿಪ್‌ಗೆ ಆ ತಿದ್ದುಪಡಿ ಜೀವ ತುಂಬಲಾರದು, ಬದಲಿಸಿಯೇ ಕೊಡಬೇಕು. ಅಂಥ ಸಿಸ್ಟಂ ನಿಮ್ಮಲ್ಲಿದ್ದರೆ ಮೊದಲು ಖರೀದಿಯ ಬಿಲ್ ಹುಡುಕಿ ತೆಗೆದಿಡಿ, ಆಮೇಲೆ ಮದರ್‌ಬೋರ್ಡ್ ಕಂಪನಿಯ ಸೈಟಿನಿಂದ ಹೊಸ ಬಯಾಸ್ ಹಾಕಿಸಿ. ಹಾಕಿಸುವಾಗ ಯುಪಿಎಸ್ ಬ್ಯಾಟರಿ ಸರಿಯಿದೆಯೇ ನೋಡಿಕೊಳ್ಳಿ, ನಡುವೆ ಕರೆಂಟ್ ಹೋದರೆ ಬೋರ್ಡೇ ಏಳದೆ ಹೋಗಬಹುದು.